ಬಾಯಿ ಮುಚ್ಚಿಕೊಂಡು ನಾಯಿ ಸಾಕುವುದು

ಬೇಟೆ ನಾಯಿಯ ಮರಿ ಮನೆಗೆ ಬಂದರೆ ಮೊದಲ ವರ್ಷ ಜಾಸ್ತಿ ತರಬೇತಿ ಬೇಕಾಗುವುದು ಮನೆಯವರ ನಾಲಿಗೆಗೆ.

ತಮಾಷೆಗೆ ಹೇಳುತ್ತಿಲ್ಲ. ಕೂತ್ಕೋ, ಬಾ, ಬೇಡ, ಬಿಡು, ಛೀ, ಶಭಾಷ್ ಅಂತ ಬೆಳಗ್ಗೆಯಿಂದ ರಾತ್ರಿವರೆಗೂ ನಾವು ಮರಿಯ ತಲೆ ಮೇಲೆ ಮಾತು ಸುರಿಯುತ್ತಲೇ ಇರುತ್ತೇವೆ. ಮನೆಯಲ್ಲೇ ಇರುವ ನಾಯಿಗೆ ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಅರ್ಧ ಕೇಳಿಸಿಕೊಂಡು, ಅರ್ಧ ಕಿವಿಗೆ ಹಾಕಿಕೊಳ್ಳದೆ ನಮ್ಮ ಜೊತೆ ಹೊಂದಿಕೊಂಡು ಹೋಗುತ್ತದೆ. ಆದರೆ ಹೊಲದಲ್ಲಿ, ಪೊದೆಯಲ್ಲಿ, ನೀರಿನಲ್ಲಿ ಮೂಗು ನಂಬಿ ಕೆಲಸ ಮಾಡಬೇಕಾದ ನಾಯಿ ಹೆಜ್ಜೆ ಹೆಜ್ಜೆಗೂ ತಿರುಗಿ ನಮ್ಮ ಮುಖ ನೋಡಲು ಶುರು ಮಾಡಿದರೆ ಕೆಲಸ ಕೆಟ್ಟಂತೆಯೇ.

ನಮ್ಮ ಚುಕ್ಕಿ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್. ಕಂದು ತಲೆ, ಬಿಳಿ ಮೈ, ಮೈ ತುಂಬಾ ಕಂದು ಚುಕ್ಕಿ. ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇಂಥ ತಳಿಗಳಿಗೆ ವರ್ಸಟೈಲ್ ನಾಯಿಗಳು ಅನ್ನುತ್ತಾರೆ. ಎಲ್ಲ ಕೆಲಸಕ್ಕೂ ಸೈ ಅನ್ನಿಸಿಕೊಳ್ಳಬೇಕು. ಹಕ್ಕಿ ಎಲ್ಲಿ ಅಡಗಿದೆ ಅಂತ ಹುಡುಕಬೇಕು. ಸಿಕ್ಕಾಗ ಮೇಲೆ ಬೀಳದೆ, ಅಲುಗದೆ ನಿಂತು ತೋರಿಸಬೇಕು, ಪಾಯಿಂಟ್ ಮಾಡುವುದು ಅಂದರೆ ಇದೇ. ಈಡು ಬಿದ್ದ ಮೇಲೆ ಹಕ್ಕಿಯನ್ನು ಹುಡುಕಿ ತರಬೇಕು. ಅದು ನೀರಿಗೆ ಬಿದ್ದಿದ್ದರೆ ಈಜಿ ತರಬೇಕು, ಗಾಯಗೊಂಡು ಓಡಿದ್ದರೆ ಜಾಡು ಹಿಡಿದು ಹೋಗಬೇಕು. ಇಂಗ್ಲೆಂಡಿನ ದೊಡ್ಡ ಎಸ್ಟೇಟುಗಳಲ್ಲಿ ಇದಕ್ಕೆಲ್ಲ ಬೇರೆ ಬೇರೆ ನಾಯಿ ಇರುತ್ತಿದ್ದವು. ಹಕ್ಕಿ ತೋರಿಸಲು ಪಾಯಿಂಟರ್, ಸೆಟರ್. ಪೊದೆಯಿಂದ ಎಬ್ಬಿಸಲು ಸ್ಪ್ಯಾನಿಯಲ್. ಹೆಕ್ಕಿ ತರಲು ರಿಟ್ರೀವರ್.

ಜರ್ಮನಿಯ ಕಥೆ ಬೇರೆ. 1848ರ ಕ್ರಾಂತಿಯ ತನಕ ಅಲ್ಲಿ ಬೇಟೆ ಅನ್ನುವುದು ಹೆಚ್ಚಾಗಿ ಅರಸು ಮನೆತನದವರ, ಸಿರಿವಂತ ಜಮೀನ್ದಾರರ ಹಕ್ಕಾಗಿತ್ತು. ಕ್ರಾಂತಿಯ ನಂತರ ಆ ಹಕ್ಕು ಜಮೀನಿನ ಒಡೆತನದ ಜೊತೆ ಸೇರಿಕೊಂಡಿತು. ಸಾಮಾನ್ಯ ಜನರೂ ಕೋವಿ ಹಿಡಿದು ಹೊರಟರು. ಅವರಿಗೆ ಹತ್ತು ನಾಯಿ ಸಾಕುವ ತಾಕತ್ತು ಎಲ್ಲಿಂದ ಬರಬೇಕು? ಹಕ್ಕಿಗೂ ಮೊಲಕ್ಕೂ ಬಾತುಕೋಳಿಗೂ, ಕೊನೆಗೆ ಮನೆ ಕಾಯುವುದಕ್ಕೂ ಒಂದೇ ನಾಯಿ ಬೇಕಿತ್ತು. ಆ ಶತಮಾನ ಮುಗಿಯುವ ಹೊತ್ತಿಗೆ ಈ ತಳಿಗಳು ಗಟ್ಟಿಯಾದವು. ಒರಟು ಕೂದಲಿನ ಡ್ರಾಟ್‌ಹಾರ್ ತಳಿಯ ಸಂಘ ಹುಟ್ಟಿದ್ದು 1902ರಲ್ಲಿ. ಆ ಸಂಘದವರ ಹಟ ಇವತ್ತಿಗೂ ಹಾಗೇ ಇದೆ. ನಾಯಿ ಎಷ್ಟೇ ಚಂದ ಇರಲಿ, ಕೆಲಸದ ಪರೀಕ್ಷೆ ಪಾಸಾಗದೆ ಅದರಿಂದ ಮರಿ ಮಾಡಿಸಲು ಒಪ್ಪುವುದಿಲ್ಲ.

ಇತಿಹಾಸ ಹೇಳಿದ್ದಕ್ಕೆ ಕಾರಣ ಇದೆ. ಇಂಥ ಮರಿಯ ಒಳಗಿರುವುದನ್ನು ಅಲ್ಲಿಟ್ಟವರು ನಾವಲ್ಲ. ಚುಕ್ಕಿ ಹಲ್ಲು ಕೂಡ ಬದಲಾಗದ ವಯಸ್ಸಿನಲ್ಲಿ ಹಿತ್ತಲಿನ ಚಿಟ್ಟೆಯೊಂದನ್ನು ನೋಡಿ ಮುಂಗಾಲು ಮಡಚಿ ನಿಂತಳು. ಯಾರು ಹೇಳಿಕೊಟ್ಟರು? ಅವಳ ಅಮ್ಮನೂ ತೋರಿಸಿಕೊಟ್ಟಿರಲಿಲ್ಲ. ನನ್ನ ಮಗಳು ಒಳಗಿನಿಂದ ಓಡಿಬಂದು, "ಅಪ್ಪಾ, ಇವಳಿಗೇನೋ ಆಗಿದೆ, ಅಲ್ಲಾಡ್ತಾನೇ ಇಲ್ಲ" ಅಂದಳು. ಏನೂ ಆಗಿರಲಿಲ್ಲ. ಎಷ್ಟೋ ತಲೆಮಾರು ಕೂಡಿಟ್ಟಿದ್ದು ಹೊರಗೆ ಬಂದಿತ್ತು, ಅಷ್ಟೇ.

ಹಾಗಾದರೆ ಸಾಕುವವರ ಪಾಲಿಗೆ ಉಳಿಯುವ ಕೆಲಸ ಯಾವುದು? ಮರಿಗೆ ಲೋಕದ ಪರಿಚಯ ಮಾಡಿಸುವುದು. ಇದಕ್ಕೆ ಸಮಯ ಕಡಿಮೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅನ್ನುವ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಬೆಳೆಸಿ, 1965ರಲ್ಲಿ ತಮಗೆ ಕಂಡಿದ್ದನ್ನು ಪ್ರಕಟಿಸಿದರು. ಮರಿ ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದ ತನಕ ಅದರ ಮನಸ್ಸು ಹೊಸದಕ್ಕೆಲ್ಲ ತೆರೆದಿರುತ್ತದೆ ಅನ್ನುವುದು ಅದರ ಮುಖ್ಯ ಮಾತು. ಅದಕ್ಕೂ ಮೊದಲು, 1961ರಲ್ಲಿ ಅಲ್ಲಿಂದಲೇ ಹೊರಬಂದ ಇನ್ನೊಂದು ಪ್ರಯೋಗ ಓದಿದರೆ ಸಂಕಟವಾಗುತ್ತದೆ. ಹದಿನಾಲ್ಕು ವಾರ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆಸಿದ ಮರಿಗಳು ಆಮೇಲೆ ಕಾಡುಪ್ರಾಣಿಗಳ ಹಾಗೆ ಜನರಿಂದ ದೂರ ಓಡಿದವು.

ಮರಿ ಸಾಮಾನ್ಯವಾಗಿ ಎಂಟು ವಾರಕ್ಕೆ ನಮ್ಮ ಕೈಗೆ ಬರುತ್ತದೆ. ಅಂದರೆ ಅರ್ಧ ಅವಧಿ ಆಗಲೇ ಕಳೆದಿರುತ್ತದೆ. ಮರಿ ಮಾಡಿಸಿದವರ ಮನೆ ನೋಡದೆ ಮರಿ ತರಬೇಡಿ ಅನ್ನುವುದು ಇದಕ್ಕೇ. ಅಲ್ಲಿ ಮರಿಗಳು ಕತ್ತಲೆ ಗೂಡಿನಲ್ಲಿ ಬೆಳೆದಿವೆಯೋ, ಅಡುಗೆಮನೆಯ ಸದ್ದು, ಮಕ್ಕಳ ಗಲಾಟೆ, ಹುಲ್ಲು, ಮಣ್ಣು ಎಲ್ಲ ಕಂಡಿವೆಯೋ ನೋಡಬೇಕು. ಮನೆಗೆ ಬಂದ ಮೇಲೆ ತಂತಿ ಜಾಲರಿ, ಒದ್ದೆ ಕಲ್ಲು, ಒಣ ಎಲೆ, ಮೆಟ್ಟಿಲು, ಕೊಡೆ, ಸೈಕಲ್ಲು, ಗಡ್ಡದವರು, ಟೋಪಿಯವರು, ಎಲ್ಲರನ್ನೂ ಎಲ್ಲವನ್ನೂ ಅದು ನೋಡಬೇಕು, ತುಳಿಯಬೇಕು, ಮೂಸಬೇಕು. ಲಸಿಕೆಯ ಸುತ್ತು ಮುಗಿಯುವ ತನಕ ಬೇರೆ ನಾಯಿಗಳು ಓಡಾಡುವ ಜಾಗ ಮಾತ್ರ ಬೇಡ. ಪಾರ್ವೋ ಅನ್ನುವ ವೈರಸ್ ರೋಗ ಬಂದರೆ ಮರಿ ಉಳಿಯುವುದು ಕಷ್ಟ.

ಹೆಚ್ಚು ಜನ ದಾರಿ ತಪ್ಪುವುದು ಇದಾದ ಮೇಲೆ. ಮೂರು ತಿಂಗಳ ಮರಿಗೆ ಪಕ್ಕದಲ್ಲಿ ಅಂಟಿಕೊಂಡು ನಡೆಯುವುದು, ಹೇಳಿದಲ್ಲಿ ಕೂರುವುದು, ಕರೆದ ತಕ್ಷಣ ಬರುವುದು ಎಲ್ಲ ಕಲಿಸಿಬಿಡುತ್ತಾರೆ. ನೋಡಲು ಬಲು ಚಂದ. ಬಂದವರೆಲ್ಲ ಹೊಗಳುತ್ತಾರೆ. ಅದೇ ಮರಿಯನ್ನು ಹುಲ್ಲುಗಾವಲಿಗೆ ಬಿಟ್ಟರೆ ಯಜಮಾನನ ಕಾಲ ಬುಡ ಬಿಟ್ಟು ಕದಲುವುದಿಲ್ಲ. ಪಾಪ, ಅದಕ್ಕೆ ಕಲಿಸಿದ್ದೇ ಅದು. ಓಡುವ ನಾಯಿಯನ್ನು ಆಮೇಲೆ ಹಿಡಿತಕ್ಕೆ ತರಬಹುದು. ಕಾಲಿಗೆ ಅಂಟಿಕೊಂಡದ್ದನ್ನು ಓಡಿಸುವುದು ಬಹಳ ಕಷ್ಟ. ನನ್ನ ಲೆಕ್ಕದಲ್ಲಿ ಮೊದಲ ವರ್ಷ ಮರಿಗೆ ಎರಡೇ ವಿಷಯ ಗೊತ್ತಿದ್ದರೆ ಸಾಕು. ಒಂದು, ತನ್ನ ಹೆಸರು. ಇನ್ನೊಂದು, ಸೀಟಿ ಊದಿದರೆ ವಾಪಸ್ ಬರಬೇಕು ಅನ್ನುವುದು. "ಬಾ" ಅಂತ ಕರೆದರೆ ಆಗದೇ ಅಂತ ಕೇಳಬಹುದು. ನಮ್ಮ ಮನೆಯಲ್ಲಿ "ಬಾ" ದಿನಕ್ಕೆ ನೂರು ಸಲ ಕೇಳಿಸುತ್ತದೆ, ಅದರಲ್ಲಿ ತೊಂಬತ್ತು ಸಲ ನಾಯಿಗಲ್ಲ. ಸೀಟಿಗೆ ಆ ಗೊಂದಲ ಇಲ್ಲ. ಸಿಟ್ಟು, ಸುಸ್ತು, ಗಾಬರಿ ಕೂಡ ಅದರಲ್ಲಿ ಕೇಳಿಸುವುದಿಲ್ಲ.

ನಾವು ಹೋಗುತ್ತಿದ್ದ ತರಬೇತಿ ಗುಂಪಿನಲ್ಲಿ ಒಬ್ಬ ಹಿರಿಯರಿದ್ದರು. ಮಾತು ಕಡಿಮೆ. ಹೊಸಬರು ಮರಿ ಬಿಡುವ ಮುಂಚೆ ಅವರದ್ದೊಂದು ನಿಯಮ: ಸೀಟಿ ಬಾಯಲ್ಲಿಟ್ಟುಕೊಳ್ಳಿ, ಊದಬೇಡಿ. ಇದೆಂಥಾ ಉಪದೇಶ ಅಂತ ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು. ಸೀಟಿ ಹಲ್ಲಿನ ಮಧ್ಯೆ ಇದ್ದಾಗ "ಅಲ್ಲಲ್ಲ, ಈ ಕಡೆ, ಚುಕ್ಕಿ, ಈ ಕಡೆ ನೋಡು" ಅನ್ನಲು ಆಗುವುದಿಲ್ಲ. ಕೈ ಜೇಬಿನಲ್ಲಿರಲಿ ಅಂತಲೂ ಅವರು ಹೇಳುತ್ತಿದ್ದರು. ಯಾಕಂದರೆ ಬಾಯಿ ಮುಚ್ಚಿದವನ ಕೈ ಮಾತಾಡಲು ಶುರು ಮಾಡುತ್ತದೆ.

ಮೂಗಿನ ವಿಷಯಕ್ಕೆ ಬರೋಣ. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಐವತ್ತು, ಅರವತ್ತು ಲಕ್ಷ ಇದ್ದರೆ, ನಾಯಿಗೆ ಹತ್ತು ಕೋಟಿಗೂ ಹೆಚ್ಚು. ಅದರ ಮೂಗಿನ ಹೊಳ್ಳೆಗಳನ್ನು ಹತ್ತಿರದಿಂದ ನೋಡಿ. ಪಕ್ಕದಲ್ಲಿ ಒಂದೊಂದು ಸೀಳು ಇರುತ್ತದೆ. ಉಸಿರು ಬಿಡುವಾಗ ಗಾಳಿ ಆ ಸೀಳಿನಿಂದ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಮುಂದಿರುವ ವಾಸನೆ ಚದುರಿಹೋಗುವುದಿಲ್ಲ. ಇಷ್ಟೆಲ್ಲ ಇದ್ದರೂ ಗಾಳಿ ಸಹಕರಿಸದಿದ್ದರೆ ನಾಯಿಗೆ ಏನೂ ಸಿಗುವುದಿಲ್ಲ. ಹುಲ್ಲಿನಲ್ಲಿ ಕೂತ ಹಕ್ಕಿಯ ವಾಸನೆ ಊದುಬತ್ತಿಯ ಹೊಗೆಯ ಥರ ಹೋಗುತ್ತದೆ. ಬುಡದಲ್ಲಿ ಸಣ್ಣ ಎಳೆ, ದೂರ ಹೋದಂತೆ ಅಗಲ, ಗಾಳಿ ತಿರುಗಿದರೆ ಅದೂ ತಿರುಗುತ್ತದೆ. ಗಾಳಿ ಹಕ್ಕಿಯ ಕಡೆಯಿಂದ ನಾಯಿಯ ಕಡೆಗೆ ಬೀಸಬೇಕು. ಬೆನ್ನ ಹಿಂದಿನಿಂದ ಬೀಸಿದರೆ ಒಳ್ಳೆಯ ನಾಯಿಯೂ ಹಕ್ಕಿಯನ್ನು ತುಳಿದುಕೊಂಡೇ ಹೋಗಿಬಿಡಬಹುದು. ಬಿಸಿಲು ಏರಿ ನೆಲ ಒಣಗಿದರೆ ವಾಸನೆ ನಿಲ್ಲುವುದಿಲ್ಲ. ಬೆಳಗಿನ ತೇವ, ಸಣ್ಣ ಗಾಳಿ ಇದ್ದರೆ ಹಬ್ಬ. ಹಾಗಾಗಿ ಮರಿಯನ್ನು ಬಿಡುವ ಮುಂಚೆ ಒಂದು ಹಿಡಿ ಒಣ ಹುಲ್ಲು ಕಿತ್ತು ಗಾಳಿಗೆ ತೂರುತ್ತೇನೆ. ತೂರುತ್ತಿದ್ದರೆ ಬಾಯಿಗೂ ಬಿಡುವು.

ಗಾಳದ ಕೋಲಿಗೆ ಹಕ್ಕಿಯ ರೆಕ್ಕೆ ಕಟ್ಟಿ ಮರಿಯ ಮುಂದೆ ಕುಣಿಸುವ ಆಟ ನೀವು ನೋಡಿರಬಹುದು. ಮರಿ ಪಾಯಿಂಟ್ ಮಾಡುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಒಂದೆರಡು ಸಲ ಪರವಾಗಿಲ್ಲ. ದಿನಾ ಮಾಡಿದರೆ ಮರಿ ಕಣ್ಣಿನಿಂದ ಬೇಟೆ ಮಾಡಲು ಕಲಿಯುತ್ತದೆ. ನಮಗೆ ಬೇಕಾಗಿರುವುದು ಮೂಗು.

ಚುಕ್ಕಿ ಮೊದಲ ಸಲ ನಿಜವಾದ ಹಕ್ಕಿಯ ವಾಸನೆ ಹಿಡಿದು ನಿಂತಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊಣಕಾಲೆತ್ತರದ ಹುಲ್ಲು. ಅದರಲ್ಲಿ ಒಂದು ಪಾರಿವಾಳವನ್ನು ಪೆಟ್ಟಿಗೆಯೊಳಗೆ ಇಟ್ಟಿದ್ದರು. ದೂರದಿಂದ ಗುಂಡಿ ಒತ್ತಿದರೆ ಪೆಟ್ಟಿಗೆ ತೆರೆದು ಹಕ್ಕಿ ಹಾರಿಹೋಗುತ್ತದೆ. ಗಾಳಿ ಎಡದಿಂದ ಬಲಕ್ಕೆ. ಚುಕ್ಕಿ ಕತ್ತಿಗೆ ಉದ್ದ ಹಗ್ಗ, ಅದು ನೆಲದ ಮೇಲೆ ಸುಮ್ಮನೆ ಎಳೆದುಕೊಂಡು ಬರುತ್ತಿತ್ತು. ಅವಳಿಗೆ ಪಾರಿವಾಳದ ಗೊಡವೆಯೇ ಇಲ್ಲ. ಒಂದು ಮಿಡತೆ ಹಿಂದೆ ಹೋದಳು, ಒಂದು ಕಡ್ಡಿ ಕಚ್ಚಿದಳು, ನೆಗೆಯುತ್ತಾ ಗಾಳಿಗೆ ಅಡ್ಡ ಬಂದಳು. ತಟ್ಟನೆ ತಲೆ ಎಡಕ್ಕೆ ತಿರುಗಿತು. ಮೈ ಇನ್ನೂ ಮುಂದಕ್ಕೇ ಹೋಗುತ್ತಿತ್ತು. ತಲೆ ಒಂದು ಕಡೆ, ಮೈ ಇನ್ನೊಂದು ಕಡೆ, ಹಾಗೇ ಬಳುಕಿ ನಿಂತುಬಿಟ್ಟಳು. ಮುಂಗಾಲು ಎತ್ತಿದ್ದು ಎತ್ತಿದ ಹಾಗೇ. ಬಾಲ ಬಿಗಿದು ತುದಿ ಮಾತ್ರ ಸಣ್ಣಗೆ ನಡುಗುತ್ತಿತ್ತು, ಆಮೇಲೆ ಅದೂ ನಿಂತಿತು. ಅಲುಗುತ್ತಿದ್ದುದು ಎರಡೇ: ಮೂಗಿನ ಹೊಳ್ಳೆ ಮತ್ತು ಕೆನ್ನೆ. ಪ್ರತಿ ಉಸಿರಿಗೂ ತುಟಿಯ ಪಕ್ಕದ ಚರ್ಮ ಪುಸ್ ಪುಸ್ ಅಂತ ಉಬ್ಬುತ್ತಿತ್ತು. ಕಣ್ಣು ತೆರೆದಿದ್ದರೂ ಅದು ಏನನ್ನೂ ನೋಡುತ್ತಿರಲಿಲ್ಲ.

ಆ ಹೊತ್ತಿಗೆ "ಶಭಾಷ್" ಅನ್ನಬೇಕು ಅಂತ ಗಂಟಲಿನ ತನಕ ಬರುತ್ತದೆ. "ನಿಲ್ಲು, ನಿಲ್ಲು" ಅಂತ ಹೇಳಿ ಹಿಡಿದಿಡೋಣ ಅನ್ನಿಸುತ್ತದೆ. ಬೇಡ. ನಾಯಿಗೆ ಅಲ್ಲಿ ನಡೆಯುತ್ತಿರುವ ವ್ಯವಹಾರ ಹಕ್ಕಿಯ ಜೊತೆ. ಹಿರಿಯರು ಗುಂಡಿ ಒತ್ತಲಿಲ್ಲ, ಕಾದರು. ಚುಕ್ಕಿ ಒಂದು ಹೆಜ್ಜೆ ಮುಂದಿಟ್ಟಳು. ಆಗ ಒತ್ತಿದರು. ಪಾರಿವಾಳ ಪಟಪಟ ಅಂತ ಹಾರಿ ಗೂಡಿನ ಕಡೆ ಹೋಯಿತು. ಒಂದು ಮಾತೂ ಇಲ್ಲದೆ ಪಾಠ ಮುಗಿಯಿತು: ಹತ್ತಿರ ಹೋದರೆ ಹಕ್ಕಿ ಕೈ ತಪ್ಪುತ್ತದೆ, ನಿಂತರೆ ಇರುತ್ತದೆ. ಈ ಪಾಠವನ್ನು ಹಕ್ಕಿ ಹೇಳಿಕೊಡುವಷ್ಟು ಚೆನ್ನಾಗಿ ಯಾವ ಮಾಸ್ತರರೂ ಹೇಳಿಕೊಡಲಾರರು. ಮರಿಯ ಬಾಯಿಗೆ ಹಕ್ಕಿ ಸುಲಭವಾಗಿ ಸಿಕ್ಕುಬಿಟ್ಟರೆ ಮಾತ್ರ ಪಾಠ ತಿರುಗುಮುರುಗಾಗುತ್ತದೆ. ಅದಕ್ಕೇ ಚೆನ್ನಾಗಿ ಹಾರಬಲ್ಲ ಹಕ್ಕಿಗಳೇ ಬೇಕು. ಗೂಡಿನಲ್ಲೇ ಬೆಳೆದು ಹಾರಲು ಬಾರದ ಗೌಜಲ ಹಕ್ಕಿಗಳನ್ನು ಇಟ್ಟು ಕಲಿಸುವವರಿದ್ದಾರೆ. ಖರ್ಚು ಕಡಿಮೆ, ಕೆಡುಕು ಜಾಸ್ತಿ.

ಕೋವಿಯ ಸದ್ದು ಇನ್ನೊಂದು ದೊಡ್ಡ ಗಂಡಾಂತರ. ಈಡಿಗೆ ಬೆದರುವ ನಾಯಿಗಳಲ್ಲಿ ಬಹುಪಾಲನ್ನು ಹಾಗೆ ಮಾಡಿದವರು ಮನುಷ್ಯರೇ. ಮರಿಯನ್ನು ಕಾಲ ಬಳಿ ನಿಲ್ಲಿಸಿಕೊಂಡು "ನೋಡೋಣ ಹೆದರುತ್ತದಾ" ಅಂತ ಒಂದು ಈಡು ಹೊಡೆದರೆ ಸಾಕು, ಜೀವನಪೂರ್ತಿ ಅನುಭವಿಸಬೇಕಾಗುತ್ತದೆ. ಸರಿಯಾದ ದಾರಿ ಬೇರೆ. ಮೊದಲು ಮರಿಗೆ ಹಕ್ಕಿಯ ಹುಚ್ಚು ಹಿಡಿಯಬೇಕು. ಹಾರಿದ ಹಕ್ಕಿಯ ಹಿಂದೆ ಅದು ಜಗತ್ತನ್ನೇ ಮರೆತು ಓಡುತ್ತಿರುವಾಗ, ಬಹಳ ದೂರದಲ್ಲಿ ಯಾರಾದರೂ ಸಣ್ಣ ಖಾಲಿ ತೋಟಾ ಹೊಡೆಯಬೇಕು. ಕಿವಿ ನೆಟ್ಟಗಾಯಿತೇ, ಓಟ ತುಂಡಾಯಿತೇ ನೋಡಬೇಕು. ಏನೂ ಆಗದಿದ್ದರೆ ಇನ್ನೊಂದು ದಿನ ಸ್ವಲ್ಪ ಹತ್ತಿರ. ಒಂದು ಚೂರು ಅನುಮಾನ ಬಂದರೂ ನಿಲ್ಲಿಸಿ ಹಿಂದಕ್ಕೆ ಹೋಗಬೇಕು. ಪಟಾಕಿ ಹೊಡೆಯುವ ರಾತ್ರಿ ಮರಿಯನ್ನು ಹೊರಗೆ ಕರೆದುಕೊಂಡು ಹೋಗಿ "ಅಭ್ಯಾಸ ಆಗಲಿ" ಅನ್ನುವವರಿಗೆ ಏನು ಹೇಳುವುದೋ ಗೊತ್ತಾಗುವುದಿಲ್ಲ.

ನೀರಿನ ವಿಷಯವೂ ಹಾಗೇ. ಎತ್ತಿ ಒಗೆಯುವ ಹಾಗಿಲ್ಲ. ನೀರು ಬೆಚ್ಚಗಿರುವ ಕಾಲ ಬರಲಿ. ದಡ ನಿಧಾನವಾಗಿ ಇಳಿಯುವ ಜಾಗ ಹುಡುಕಿ. ಪ್ಯಾಂಟ್ ಮಡಚಿ ನಾವೇ ಇಳಿಯಬೇಕು. ಮರಿ ಹೊಟ್ಟೆ ಮುಟ್ಟುವ ತನಕ ಬರುತ್ತದೆ, ಕುಂಯ್ ಅನ್ನುತ್ತದೆ, ಹಿಂದೆ ಹೋಗುತ್ತದೆ. ಹೋಗಲಿ. ಈಜು ಗೊತ್ತಿರುವ ದೊಡ್ಡ ನಾಯಿಯೊಂದು ಜೊತೆಗಿದ್ದರೆ ನಮಗೆ ಅಲ್ಲಿ ಕೆಲಸವೇ ಇಲ್ಲ.

ಎಸೆದದ್ದನ್ನು ತರುವ ಆಟಕ್ಕೆ ಹಜಾರವೇ ಸಾಕು. ಎರಡೂ ಕಡೆ ಗೋಡೆ ಇರುವುದರಿಂದ ಮರಿ ಕದ್ದುಕೊಂಡು ಓಡಲು ಜಾಗ ಇಲ್ಲ. ನಾಲ್ಕನೇ ತಿಂಗಳಿನಿಂದ ಹಾಲುಹಲ್ಲು ಬೀಳುತ್ತವೆ. ಏಳನೇ ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ವಸಡು ನೋಯುವ ಆ ದಿನಗಳಲ್ಲಿ ಈ ಆಟಕ್ಕೆ ರಜೆ. ಬಾಯಿಗೆ ತೆಗೆದುಕೊಂಡರೆ ನೋವು ಅನ್ನುವುದು ತಲೆಯಲ್ಲಿ ಕೂತರೆ ಆಮೇಲೆ ಕಷ್ಟ. ಮೂಳೆಯ ತುದಿಗಳು ಗಟ್ಟಿಯಾಗಲು ಒಂದು ವರ್ಷಕ್ಕೂ ಮೇಲೆ ಬೇಕು, ಸೈಕಲ್ ಪಕ್ಕ ಓಡಿಸುವುದು, ಎತ್ತರದಿಂದ ಹಾರಿಸುವುದು ಅಲ್ಲಿಯ ತನಕ ಬೇಡ.

ಉತ್ತರ ಅಮೆರಿಕದಲ್ಲಿ ಈ ನಾಯಿಗಳಿಗಾಗಿ 1969ರಲ್ಲಿ ಶುರುವಾದ ನಾವ್ಡಾ ಅನ್ನುವ ಸಂಸ್ಥೆ ಇದೆ. ಅದರ ಮೊದಲ ಪರೀಕ್ಷೆ ಹದಿನಾರು ತಿಂಗಳೊಳಗಿನ ಮರಿಗಳಿಗೆ. ಹೆಸರೇ ಸಹಜ ಸಾಮರ್ಥ್ಯದ ಪರೀಕ್ಷೆ. ನನಗೆ ಅದರಲ್ಲಿ ಇಷ್ಟವಾದದ್ದು ಅವರು ಕೇಳದೇ ಇರುವ ಪ್ರಶ್ನೆಗಳು. ಕೂರುತ್ತದಾ, ಪಕ್ಕದಲ್ಲಿ ನಡೆಯುತ್ತದಾ, ಹಕ್ಕಿ ತಂದು ಕೈಗೆ ಕೊಡುತ್ತದಾ, ಯಾವುದನ್ನೂ ಕೇಳುವುದಿಲ್ಲ. ಮೂಗು, ಹುಡುಕಾಟ, ಜಾಡು, ಪಾಯಿಂಟ್, ನೀರು, ಕೆಲಸದ ಹಂಬಲ, ಯಜಮಾನನ ಜೊತೆಗಿನ ಸಹಕಾರ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರ ತನಕ ಅಂಕ. ಎಲ್ಲಕ್ಕೂ ಒಂದೇ ತೂಕ ಅಲ್ಲ. ಮೂಗಿನ ಅಂಕವನ್ನು ಆರರಿಂದ ಗುಣಿಸುತ್ತಾರೆ, ಜಾಡಿನದನ್ನು ಎರಡರಿಂದ. ಒಟ್ಟು 112.

ಸಹಕಾರ ಅನ್ನುವುದು ವಿಧೇಯತೆ ಅಲ್ಲ, ಇದು ಬೇಗ ಅರ್ಥವಾಗುವುದಿಲ್ಲ. ನಾಯಿ ಗುಡ್ಡದ ಆ ಬದಿಗೆ ಹೋಗಲಿ, ಕಣ್ಣಿಗೆ ಕಾಣದಿರಲಿ. ಆದರೆ ಆಗಾಗ ತಾನಾಗಿಯೇ ಯಜಮಾನ ಎಲ್ಲಿದ್ದಾನೆ ಅಂತ ನೋಡಿಕೊಂಡು ತನ್ನ ದಾರಿ ಬದಲಿಸಿಕೊಳ್ಳಬೇಕು. ಇಲ್ಲೂ ಮಾತೇ ಶತ್ರು. ನಾವು ಕೂಗುತ್ತಲೇ ಇದ್ದರೆ ನಾವೆಲ್ಲಿದ್ದೇವೆ ಅಂತ ನಾಯಿಗೆ ಸದಾ ಗೊತ್ತಿರುತ್ತದೆ. ಮತ್ತೆ ಅದು ಯಾಕೆ ತಿರುಗಿ ನೋಡಬೇಕು? ಸುಮ್ಮನಿದ್ದರೆ ನಮ್ಮ ಮೇಲೆ ಒಂದು ಕಣ್ಣಿಡುವುದು ಅದರ ಜವಾಬ್ದಾರಿಯಾಗುತ್ತದೆ. ಗೊತ್ತಾಗದ ಹಾಗೆ ನಾನು ದಾರಿ ಬದಲಿಸುವುದುಂಟು. ಚುಕ್ಕಿ ತಲೆ ಎತ್ತಿ ನೋಡುತ್ತಾಳೆ, ನಾನು ಮೊದಲಿನ ಜಾಗದಲ್ಲಿಲ್ಲ, ಒಂದು ದೊಡ್ಡ ಸುತ್ತು ಹೊಡೆದು ನನ್ನ ಮುಂದೆ ಬಂದು ಹುಡುಕಾಟ ಮುಂದುವರಿಸುತ್ತಾಳೆ.

ಪರೀಕ್ಷೆಯ ಜಾಡಿನ ಭಾಗ ನೋಡಲು ಬಲು ಮಜಾ. ಹಾರಲಾಗದಂತೆ ರೆಕ್ಕೆಯ ಗರಿ ತೆಗೆದ ಫೆಸೆಂಟ್ ಹಕ್ಕಿಯನ್ನು ಬಿಡುತ್ತಾರೆ. ಅದು ಓಡಿ ಮರೆಯಾಗುತ್ತದೆ. ಆಮೇಲೆ ಮರಿಯನ್ನು ತಂದು ಜಾಡಿನ ಮೇಲೆ ಬಿಡಬೇಕು. ಹಕ್ಕಿ ಬೇಲಿಯ ಎಡಕ್ಕೆ ಓಡಿದ್ದನ್ನು ಯಜಮಾನ ಕಣ್ಣಾರೆ ನೋಡಿರುತ್ತಾನೆ. ಮರಿ ಅದಕ್ಕಿಂತ ನಾಲ್ಕಾರು ಅಡಿ ಬಲಕ್ಕೆ ಹೋಗುತ್ತದೆ. ಯಜಮಾನನ ಜೀವ ಹೋದಂತಾಗುತ್ತದೆ. ಕೆಲವರು ಕೈ ತೋರಿಸುತ್ತಾರೆ, ಕೆಲವರು ಹೆಸರು ಹಿಡಿದು ಕರೆಯುತ್ತಾರೆ. ಮರಿ ತಲೆ ಎತ್ತುತ್ತದೆ, ಜಾಡು ಬಿಟ್ಟುಹೋಗುತ್ತದೆ. ಮರಿ ಹೋಗುತ್ತಿದ್ದುದು ಸರಿಯಾಗಿಯೇ ಇತ್ತು. ಗಾಳಿ ಎಡದಿಂದ ಬೀಸುತ್ತಿದ್ದಾಗ ವಾಸನೆ ಹಕ್ಕಿ ತುಳಿದ ಜಾಗದಲ್ಲೇ ಕೂತಿರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಚುಕ್ಕಿಯ ಸರದಿ ಬಂದಾಗ ನಾನು ಅವಳ ಕತ್ತುಪಟ್ಟಿ ಬಿಟ್ಟು ಜೇಬಿಗೆ ಕೈ ಹಾಕಿಕೊಂಡು ನಿಂತೆ. ಬೇಲಿಯ ತನಕ ನೇರ ಹೋದಳು, ತಿರುವಿನಲ್ಲಿ ಜಾಡು ಕಳೆದುಕೊಂಡಳು, ಎರಡು ಸುತ್ತು ಹೊಡೆದು ಮತ್ತೆ ಹಿಡಿದಳು. ಜಾಡಿಗೆ ನಾಲ್ಕಕ್ಕೆ ಮೂರು. ನನಗೆ ಆ ಎರಡು ಸುತ್ತು ಉಳಿದ ಅಂಕಗಳಿಗಿಂತ ಇಷ್ಟ.

"ಹಕ್ಕಿ ಹೊಡೆಯೋದು ತಪ್ಪಲ್ವಾ?" ಅಂತ ನನ್ನ ಮಗಳೇ ಕೇಳಿದ್ದಾಳೆ. ಕೇಳಬೇಕಾದ ಪ್ರಶ್ನೆ. ಬೇಟೆ ಬೇಡ ಅನ್ನುವವರ ಜೊತೆ ನನಗೆ ಜಗಳವಿಲ್ಲ. ಆದರೆ ಕಾನೂನಿನ ಪ್ರಕಾರ ಬೇಟೆ ನಡೆಯುವ ಕಡೆ ಒಳ್ಳೆಯ ನಾಯಿ ಇಲ್ಲದಿರುವುದು ಇನ್ನೂ ಕೆಟ್ಟದ್ದು. ಗಾಯಗೊಂಡ ಹಕ್ಕಿ ಜೊಂಡಿನಲ್ಲಿ ಸೇರಿಕೊಂಡರೆ ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ. ಅದು ದಿನಗಟ್ಟಲೆ ನರಳಿ ಸಾಯುತ್ತದೆ. ಜರ್ಮನಿಯ ರಾಜ್ಯಗಳ ಬೇಟೆ ಕಾನೂನುಗಳು ಕೆಲವು ಬಗೆಯ ಬೇಟೆಗೆ ತರಬೇತಾದ ನಾಯಿ ಜೊತೆಗಿರಲೇಬೇಕು ಅನ್ನುವುದು ಇದಕ್ಕೇ. ಅಲ್ಲಿನ ಪರೀಕ್ಷೆಗಳಲ್ಲಿ ಈಡು ಬಿದ್ದ ಮೇಲಿನ ಕೆಲಸಕ್ಕೆ ಅಷ್ಟು ಬೆಲೆ ಕೊಡುವುದೂ ಇದಕ್ಕೇ. ಹಕ್ಕಿ ಹೊಡೆಯದೆಯೂ ಈ ನಾಯಿಗಳ ಜೊತೆ ಬಾಳಬಹುದು. ಬಂಪರ್ ಅನ್ನುವ, ನಾಯಿ ಬಾಯಲ್ಲಿ ಹಿಡಿದು ತರುವ ಉರುಳೆಯನ್ನು ಅಡಗಿಸಿಟ್ಟು ಹುಡುಕಿಸಬಹುದು, ಜಾಡು ಹಾಕಿ ನಡೆಸಬಹುದು. ಮೂಗಿಗೆ ಕೆಲಸ ಕೊಡದೆ ಮನೆಯಲ್ಲಿ ಕಟ್ಟಿಹಾಕಿದರೆ ಮಾತ್ರ ಸೋಫಾ ಉಳಿಯುವುದಿಲ್ಲ.

ಈಗ ಚುಕ್ಕಿಗೆ ನಿಜವಾದ ಪಾಠ ಶುರುವಾಗಿದೆ. ಹಕ್ಕಿ ಹಾರಿದರೂ ಈಡು ಬಿದ್ದರೂ ನಿಂತಲ್ಲೇ ನಿಲ್ಲಬೇಕು. ಹೇಳಿದಾಗ ತರಬೇಕು, ತಂದದ್ದನ್ನು ಕೈಗೆ ಕೊಡಬೇಕು. ಹಳೆಯ ಪದ್ಧತಿಯಲ್ಲಿ ಕಿವಿ ಚಿವುಟಿ ಬಾಯಿ ತೆರೆಸಿ ಹಿಡಿಸುತ್ತಾರೆ. ಅದರಿಂದ ಗಟ್ಟಿ ನಾಯಿಗಳು ತಯಾರಾಗುವುದನ್ನು ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ. ನನಗೆ ಆ ದಾರಿ ಬೇಡ. ಮೇಜಿನ ಮೇಲೆ ನಿಲ್ಲಿಸಿ ಮರದ ತುಂಡು ಹಿಡಿಸುವುದು, ಒಂದು ಕ್ಷಣ ಹಿಡಿದರೆ ಒಂದು ತುಣುಕು ತಿಂಡಿ, ಎರಡು ಕ್ಷಣ ಹಿಡಿದರೆ ಇನ್ನೊಂದು. ನಿಧಾನ ಆಗುತ್ತದೆ, ಆಗಲಿ. ಮರದ ತುಂಡು ಆಯಿತು, ಬಂಪರ್ ಆಯಿತು, ಪಾರಿವಾಳವನ್ನೂ ಮೆತ್ತಗೆ ಹಿಡಿದು ನಿಲ್ಲುತ್ತಾಳೆ. ಬಾತುಕೋಳಿ ಇನ್ನೂ ಅವಳ ಬಾಯಿಗೆ ದೊಡ್ಡದು. ಗರಿ ನಾಲಿಗೆಗೆ ಅಂಟಿದ ತಕ್ಷಣ ಉಗುಳಿ ನನ್ನ ಕಡೆ ನೋಡುತ್ತಾಳೆ. ಈಗ ರೆಕ್ಕೆಗಳನ್ನು ಮೈಗೆ ಸುತ್ತಿ ಹಗ್ಗ ಕಟ್ಟಿ ಕೊಡುತ್ತಿದ್ದೇನೆ, ಗಟ್ಟಿ ಹಿಡಿತ ಸಿಗಲಿ ಅಂತ.